ನಗಬೇಕೋ ಹೆದರಬೇಕೋ? ಹಳೇ ಸಿನಿಮಾಗಳ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಳೇ ಮಾಯಾಲೋಕದ ಸಿನಿಮಾನೋ, ಸಾವನ್ನಿಟ್ಕೊಂಡು ನಗಿಸೋ ಸಿನಿಮಾನೋ ಯಾವ್ದಾದ್ರೂ ಒಂದನ್ನ ಮತ್ತೆ ನೋಡಿ, ಏನನ್ನಿಸ್ತು ಬರೀರಿ ಅಂತ ಹೋದ ಸಲ ಕೇಳಿದ್ದೆ ಅಷ್ಟೇ. ಬಂದಿದ್ದರಲ್ಲಿ ಅನಿಸಿಕೆ ಕಮ್ಮಿ, ಜಗಳ ಜಾಸ್ತಿ. ಒಳ್ಳೇದೇ ಆಯ್ತು. ಒಂದೇ ಥರ ಇದ್ದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡ್ಕೊಂಡಿದ್ದೀನಿ, ಯಾರೂ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಕಾಲೇಜಲ್ಲಿದ್ದಾಗ 'ನೊಸ್ಫೆರಾಟು' ನೋಡಿ ಎರಡು ರಾತ್ರಿ ಲೈಟ್ ಆರಿಸದೆ ಮಲಗಿದ್ದೆ. ಮೊನ್ನೆ ಮಕ್ಕಳಿಗೆ ತೋರಿಸಿದ್ರೆ ಅವು ನಕ್ಕಿದ್ದೇ ನಕ್ಕಿದ್ದು, ಕೊನೆಗೆ ನನಗೂ ನಗು ಬಂತು. ಮಟಮಟ ಮಧ್ಯಾಹ್ನ ರಕ್ತಪಿಶಾಚಿ ತನ್ನ ಶವಪೆಟ್ಟಿಗೆ ತಾನೇ ಹೊತ್ಕೊಂಡು ಊರಲ್ಲಿ ಓಡಾಡ್ತಾನಲ್ಲಾ! ಸಿನಿಮಾ ಹಳೇದಾಯ್ತಾ, ನಾನು ಹಳಬನಾದ್ನಾ?

ಉತ್ತರ: ಎರಡೂ ಅಲ್ಲ, ನಿಮಗೆ ಸಿಕ್ಕಿದ ಪ್ರಿಂಟ್ ಕೆಟ್ಟದ್ದು. 1922ರಲ್ಲಿ ಮುರ್ನಾವ್ ಇದನ್ನ ತೆಗೆದಾಗ ರಾತ್ರಿ ಹೊರಗೆ ಶೂಟ್ ಮಾಡೋದು ಅಷ್ಟು ಸುಲಭ ಇರಲಿಲ್ಲ, ಹಗಲಲ್ಲೇ ತೆಗೆದು ಆಮೇಲೆ ಆ ಭಾಗದ ಫಿಲಮ್ಮಿಗೆ ನೀಲಿ ಬಣ್ಣ ಹಿಡಿಸ್ತಿದ್ರು, ನೀಲಿ ಬಂತು ಅಂದ್ರೆ ರಾತ್ರಿ ಅಂತ ಆಗಿನ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಕಾಪಿ ಮೇಲೆ ಕಾಪಿ ತೆಗೆಯೋವಾಗ ಬಣ್ಣ ಬಿಟ್ಟು ಬರೀ ಕಪ್ಪು ಬಿಳುಪಲ್ಲಿ ತೆಗೆದ್ರು, ನಡುರಾತ್ರಿ ಹೋಗಿ ಮಧ್ಯಾಹ್ನ ಆಗ್ಬಿಡ್ತು, ಪಾಪ ಪಿಶಾಚಿ ಏನು ಮಾಡ್ತಾನೆ. ಬಣ್ಣ ಮತ್ತೆ ಹಾಕಿ ರಿಪೇರಿ ಮಾಡಿರೋ ಪ್ರಿಂಟ್ ಹುಡುಕಿ ನೋಡಿ. ಹಡಗಿನ ಹೊಟ್ಟೆಯೊಳಗೆ ಅವನು ಪೆಟ್ಟಿಗೆಯಿಂದ ಮಂಡಿ ಮಡಿಸದೆ ಹಲಗೆ ಥರ ನೆಟ್ಟಗೆ ಏಳ್ತಾನಲ್ಲಾ, ಅದಕ್ಕೂ ಮಕ್ಕಳು ನಕ್ಕರೆ ನನಗೊಂದು ಕಾಗದ ಹಾಕಿ.

ಇನ್ನೊಂದು ತಮಾಷೆ ಹೇಳ್ತೀನಿ ಕೇಳಿ. ಬಿಸಿಲು ಬಿದ್ರೆ ರಕ್ತಪಿಶಾಚಿ ಸಾಯ್ತಾನೆ ಅನ್ನೋ ನಿಯಮ ಬಂದಿದ್ದೇ ಈ ಸಿನಿಮಾಯಿಂದ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಕಾದಂಬರೀಲಿ ಆ ಆಸಾಮಿ ಹಗಲಲ್ಲೇ ಲಂಡನ್ ಬೀದೀಲಿ ಓಡಾಡ್ತಾನೆ, ಶಕ್ತಿ ಸ್ವಲ್ಪ ಕಮ್ಮಿ ಆಗಿರುತ್ತೆ ಅಷ್ಟೇ. ಸಿನಿಮಾದವರು ಹಕ್ಕು ಕೊಳ್ಳದೆ ಹೆಸರು ಬದಲಾಯಿಸಿ ಕಥೆ ಎತ್ತಿದ್ರು, ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದ್ರು, ಎಲ್ಲ ಪ್ರಿಂಟೂ ನಾಶ ಮಾಡಿ ಅಂತ ತೀರ್ಪೂ ಬಂತು. ಅಷ್ಟೊತ್ತಿಗೆ ಕೆಲವು ಕಾಪಿ ಬೇರೆ ದೇಶ ಸೇರ್ಕೊಂಡಿದ್ವು. ಈಗ ನೋಡಿ, ಕದ್ದವರು ಸೇರಿಸಿದ ಬಿಸಿಲೇ ಇವತ್ತು ಎಲ್ಲರ ತಲೇಲೂ ಅಸಲಿ ನಿಯಮ ಆಗಿ ಕೂತಿದೆ.

ಪ್ರಶ್ನೆ: ಬ್ಲ್ಯಾಕ್ ಕಾಮಿಡಿ ಅಂದ್ರೆ ಏನು? ಒಂದೇ ಸಾಲಲ್ಲಿ ಹೇಳಿ, ಭಾಷಣ ಬೇಡ.

ಉತ್ತರ: ಸಾವಿನ ಮನೇಲಿ ತಡೆಯೋಕಾಗದೆ ಬಂದ ನಗೂನ ಕೆಮ್ಮು ಅಂತ ತೋರಿಸ್ಕೊಳ್ಳೋದು.

ಪ್ರಶ್ನೆ: ಎಲ್ಲರೂ ಹೊಗಳ್ತಾರೆ ಅಂತ 'ಡಾಕ್ಟರ್ ಸ್ಟ್ರೇಂಜ್‌ಲವ್' ನೋಡಿದೆ. ಒಂದೂವರೆ ಗಂಟೆ ಕೂತ್ರೂ ಒಂದು ಜೋಕೂ ಸಿಗಲಿಲ್ಲ. ಬಾಂಬು, ಮಿಲಿಟರಿ, ಮೀಟಿಂಗು. ಇದ್ಯಾವ ಸೀಮೆ ಕಾಮಿಡಿ ಸಾರ್?

ಉತ್ತರ: ನಾನೂ ಮೊದಲ ಸಲ ನಕ್ಕಿರಲಿಲ್ಲ, ಯಾರೋ ಈಗ ಜೋಕ್ ಹೇಳ್ತಾರೆ ಈಗ ಹೇಳ್ತಾರೆ ಅಂತ ಕಾಯ್ತಾ ಕೂತೆ, ಯಾರೂ ಹೇಳಲಿಲ್ಲ, ಸಿನಿಮಾ ಮುಗಿದು ಪ್ರಪಂಚವೂ ಮುಗಿದುಹೋಯ್ತು. ಎರಡನೇ ಸಲ ನೋಡೋವಾಗ ಗೊತ್ತಾಯ್ತು, ಅಲ್ಲಿರೋ ಯಾರಿಗೂ ತಾವು ಕಾಮಿಡೀಲಿ ಇದ್ದೀವಿ ಅಂತ ಗೊತ್ತೇ ಇಲ್ಲ. ಆಮೇಲೆ ನಗು ನಿಲ್ಲಿಸೋದೇ ಕಷ್ಟ ಆಯ್ತು.

ಇದರ ಮೂಲ ಪೀಟರ್ ಜಾರ್ಜ್ 1958ರಲ್ಲಿ ಬರೆದ 'ರೆಡ್ ಅಲರ್ಟ್' ಅನ್ನೋ ಕಾದಂಬರಿ, ಅದರಲ್ಲಿ ಒಂದು ನಗುವೂ ಇಲ್ಲ, ಪಕ್ಕಾ ಗಂಭೀರ. ನಿರ್ದೇಶಕ ಕುಬ್ರಿಕ್ ಕೂಡ ಗಂಭೀರ ಚಿತ್ರ ಮಾಡೋಣ ಅಂತಲೇ ಬರೆಯೋಕೆ ಕೂತಿದ್ದು. ಆದ್ರೆ ಬರೀತಾ ಬರೀತಾ, ಇದು ನಿಜವಾಗ್ಲೂ ನಡೆದ್ರೆ ಏನೇನಾಗುತ್ತೆ ಅಂತ ಯೋಚಿಸಿದಾಗೆಲ್ಲ ನಗು ತರೋ ವಿಷಯಗಳೇ ಬರೋಕೆ ಶುರುವಾಯ್ತು. ಅವನ್ನ ತೆಗೆದು ಬಿಸಾಕಿದ್ರೆ ಸುಳ್ಳಾಗುತ್ತೆ, ಇಟ್ರೆ ಗಾಂಭೀರ್ಯ ಉಳಿಯಲ್ಲ. ಕೊನೆಗೆ ಇಟ್ರು. ಅಮೆರಿಕದ ಅಧ್ಯಕ್ಷ ಕುಡಿದು ಕೂತಿರೋ ಸೋವಿಯತ್ ನಾಯಕನಿಗೆ ಫೋನ್ ಮಾಡಿ, ನಮ್ಮ ಕಮಾಂಡರ್ ಒಬ್ಬನಿಗೆ ತಲೆ ಕೆಟ್ಟು ನಿಮ್ಮ ಮೇಲೆ ಬಾಂಬು ಹಾಕೋಕೆ ವಿಮಾನ ಕಳಿಸಿಬಿಟ್ಟಿದ್ದಾನೆ ಅಂತ ಹೇಳಬೇಕು, ಅದನ್ನ ಹೇಗೆ ಹೇಳೋದು ಅಂತ ಒದ್ದಾಡ್ತಾ, ಆಮೇಲೆ ಇಬ್ಬರೂ ಯಾರಿಗೆ ಜಾಸ್ತಿ ಬೇಜಾರಾಗಿದೆ ಅಂತ ಪೈಪೋಟಿಗೆ ಬೀಳೋ ಸೀನ್ ಇದ್ಯಲ್ಲಾ, ಅದರಲ್ಲಿ ಆ ಕಡೆ ಧ್ವನಿ ನಮಗೆ ಕೇಳೋದೇ ಇಲ್ಲ, ಬರೀ ಅಧ್ಯಕ್ಷನ ಪಾತ್ರ ಮಾಡಿರೋ ಪೀಟರ್ ಸೆಲ್ಲರ್ಸ್ ಮುಖ. ಇನ್ನೊಂದು ಕಡೆ ಪ್ರಪಂಚ ಉಳಿಸೋಕೆ ಒಂದು ಫೋನ್ ಮಾಡಬೇಕು, ಚಿಲ್ಲರೆ ಇಲ್ಲ, ಕೋಕಾ ಕೋಲಾ ಮಶೀನ್ ಒಡೆದು ಚಿಲ್ಲರೆ ತೆಗಿ ಅಂದ್ರೆ ಆ ಸೈನಿಕ, ಇದಕ್ಕೆ ನೀನೇ ಕಂಪನಿಗೆ ಉತ್ತರ ಕೊಡಬೇಕಾಗುತ್ತೆ ನೋಡು ಅಂತಾನೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿಯ ಮನುಷ್ಯರ ಕೈಲಿ ಅಣುಬಾಂಬು ಇದೆ, ಅಷ್ಟೇ ಕಥೆ.

ಸೆಲ್ಲರ್ಸ್ ಇದರಲ್ಲಿ ಮೂರು ಪಾತ್ರ ಮಾಡಿದ್ದಾರೆ, ನಾಲ್ಕನೇದಾಗಿ ವಿಮಾನದ ಮೇಜರ್ ಕೂಡ ಅವರೇ ಆಗಬೇಕಿತ್ತು, ಕಾಲಿಗೆ ಪೆಟ್ಟಾಯ್ತು, ಕೌಬಾಯ್ ಸಿನಿಮಾಗಳ ಸ್ಲಿಮ್ ಪಿಕೆನ್ಸ್ ಬಂದ್ರು. ಇದು ಕಾಮಿಡಿ ಅಂತ ಅವರಿಗೆ ಹೇಳಲೇ ಇಲ್ಲ ಅಂತಾರೆ, ಹೇಳದೆ ಇದ್ದಿದ್ದೇ ಒಳ್ಳೇದಾಯ್ತು. ಮೊದಲು ಕ್ಲೈಮ್ಯಾಕ್ಸಲ್ಲಿ ಜನರಲ್‌ಗಳೆಲ್ಲ ಒಬ್ಬರ ಮುಖಕ್ಕೊಬ್ಬರು ಕ್ರೀಮ್ ಎರಚಾಡೋ ದೊಡ್ಡ ಗಲಾಟೆ ಸೀನ್ ತೆಗೆದಿದ್ರು, ಆಮೇಲೆ ಕುಬ್ರಿಕ್ ಅದನ್ನ ಪೂರ್ತಿ ಕಿತ್ತು ಹಾಕಿದ್ರು. ಸರಿಯಾಗೇ ಮಾಡಿದ್ರು, ಎರಚಾಡೋ ಜನಕ್ಕೆ ತಾವು ತಮಾಷೆ ಮಾಡ್ತಿದ್ದೀವಿ ಅಂತ ಗೊತ್ತಿರುತ್ತೆ, ಅಲ್ಲಿಗೆ ಸಿನಿಮಾ ಸತ್ತ ಹಾಗೆ. 1963ರ ನವೆಂಬರ್ 22ಕ್ಕೆ ಒಂದು ಪ್ರದರ್ಶನ ಇಟ್ಕೊಂಡಿದ್ರು, ಅವತ್ತೇ ಡಲ್ಲಾಸಲ್ಲಿ ಕೆನಡಿ ಹತ್ಯೆ ಆಯ್ತು, ಎಲ್ಲ ಮುಂದಕ್ಕೆ ಹೋಗಿ 1964ರ ಜನವರೀಲಿ ಬಿಡುಗಡೆ ಆಯ್ತು. ಒಂದು ಡೈಲಾಗಲ್ಲಿ ಡಲ್ಲಾಸ್ ಅಂತಿದ್ದಿದ್ದನ್ನ ವೇಗಸ್ ಅಂತ ಡಬ್ ಮಾಡಿದ್ರು, ತುಟಿ ನೋಡಿದ್ರೆ ಈಗಲೂ ಗೊತ್ತಾಗುತ್ತೆ.

ಅದೇ ವರ್ಷ ಸಿಡ್ನಿ ಲ್ಯುಮೆಟ್ ನಿರ್ದೇಶನದ 'ಫೇಲ್ ಸೇಫ್' ಕೂಡ ಬಂತು, ಹೆಚ್ಚುಕಮ್ಮಿ ಇದೇ ಕಥೆ, ಪೂರ್ತಿ ಗಂಭೀರ, ಒಳ್ಳೇ ಸಿನಿಮಾನೇ. ಎರಡನ್ನೂ ಒಂದೇ ವಾರದಲ್ಲಿ ನೋಡಿ, ಯಾವುದು ಜಾಸ್ತಿ ದಿನ ನಿದ್ದೆ ಕೆಡಿಸುತ್ತೆ ಅಂತ ಬರೀರಿ. ನನ್ನ ನಿದ್ದೆ ಕೆಡಿಸಿದ್ದು ನಗಿಸಿದ್ದೇ.

ಪ್ರಶ್ನೆ: 'ಫ್ರಾಂಕೆನ್‌ಸ್ಟೈನ್' ಅನ್ನೋದು ರಾಕ್ಷಸನ ಹೆಸರಲ್ಲ, ಅವನನ್ನ ಸೃಷ್ಟಿ ಮಾಡಿದವನ ಹೆಸರು ಅಂತ ನನ್ನ ಮಗ ಬಾಯಿ ಬಿಟ್ಟಾಗೆಲ್ಲ ತಿದ್ದುತ್ತಾನೆ. ಏನಾದ್ರೂ ಉತ್ತರ ಕೊಡಿ, ಬಾಯಿ ಮುಚ್ಚಿಸ್ಬೇಕು.

ಉತ್ತರ: ಮಗ ಹೇಳೋದು ಸರಿ. ಆದ್ರೆ ಅವನಿಗೆ ಇಷ್ಟು ಕೇಳಿ: ಮೇರಿ ಶೆಲ್ಲಿ 1818ರ ಕಾದಂಬರೀಲಿ ಆ ಜೀವ ಬಚ್ಚಿಟ್ಕೊಂಡು ಒಂದು ಸಂಸಾರದ ಮಾತು ಕದ್ದು ಕೇಳಿ ಭಾಷೆ ಕಲಿಯುತ್ತೆ, ಮಿಲ್ಟನ್ ಓದುತ್ತೆ, ಪುಟಗಟ್ಟಲೆ ವಾದ ಮಾಡುತ್ತೆ. 1931ರ ಜೇಮ್ಸ್ ವೇಲ್ ಸಿನಿಮಾದಲ್ಲಿ ಒಂದು ಮಾತೂ ಇಲ್ಲ, ಬರೀ ಗುರುಗುಟ್ಟೋದು. ಇಷ್ಟು ದೊಡ್ಡದನ್ನ ಬದಲಾಯಿಸಿದವರನ್ನ ಬಿಟ್ಟು ಹೆಸರಿಗೆ ಯಾಕಪ್ಪಾ ಜಗಳ ಅಂತ. ಶುರುವಿನ ಟೈಟಲಲ್ಲಿ ರಾಕ್ಷಸನ ಪಾತ್ರಧಾರಿ ಯಾರು ಅನ್ನೋ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇರುತ್ತೆ, ಬೋರಿಸ್ ಕಾರ್ಲಾಫ್ ಹೆಸರು ಕೊನೇಲಿ ಬರುತ್ತೆ.

ಮಗನ ಜೊತೆ ಕೂತು ಆ ಕೆರೆ ಸೀನ್ ಮತ್ತೆ ನೋಡಿ. ಪುಟ್ಟ ಹುಡುಗಿ ಒಂದೊಂದೇ ಹೂವು ನೀರಿಗೆ ಹಾಕಿ ತೇಲಿಸ್ತಾಳೆ, ಇವನಿಗೆ ಜೀವನದಲ್ಲಿ ಮೊದಲ ಸಲ ಯಾರೋ ಆಟಕ್ಕೆ ಸೇರಿಸ್ಕೊಂಡ ಖುಷಿ, ಕೈಲಿದ್ದ ಹೂವು ಖಾಲಿ ಆಗುತ್ತೆ, ಹೂವಿನ ಥರ ಇವಳೂ ತೇಲ್ತಾಳೆ ಅಂದ್ಕೊಂಡು ಎತ್ತಿ ಎಸೀತಾನೆ. ಸೆನ್ಸಾರಿನವರು ಇದು ಕ್ರೂರ ಅಂತ ಅವನು ಕೈ ಚಾಚೋ ಕಡೆಗೇ ಕತ್ತರಿ ಹಾಕಿದ್ರು, ಆಮೇಲೆ ನೇರವಾಗಿ ಅಪ್ಪ ಮಗುವಿನ ಶವ ಹೊತ್ಕೊಂಡು ಬರೋದು. ಮಧ್ಯದಲ್ಲಿ ಏನಾಗಿರಬಹುದು ಅಂತ ಜನ ಊಹೆ ಮಾಡ್ಕೊಂಡಿದ್ದು ಅಸಲಿಗಿಂತ ನೂರು ಪಟ್ಟು ಕೆಟ್ಟದ್ದು. 1980ರ ದಶಕದಲ್ಲಿ ಆ ತುಣುಕು ವಾಪಸ್ ಸೇರಿಸಿದ್ರು, ಹಾಗಾಗಿ ನಿಮ್ಮ ಅಪ್ಪ ನೋಡಿದ ಸಿನಿಮಾ ಬೇರೆ, ನಿಮ್ಮ ಮಗ ನೋಡ್ತಿರೋದೇ ಬೇರೆ.

ಪ್ರಶ್ನೆ: ಇಷ್ಟದ ಪುಸ್ತಕ ಸಿನಿಮಾ ಆದಾಗೆಲ್ಲ ಸಿಟ್ಟು ಬರುತ್ತೆ. ರೋಆಲ್ಡ್ ಡಾಲ್ ಕಥೆಗಳನ್ನ ಹಾಳು ಮಾಡಿದ್ದಾರೆ ಅಂತ ನನ್ನ ವಾದ, ಫ್ರೆಂಡ್ಸ್ ಒಪ್ಪಲ್ಲ. ನೀವು ಯಾರ ಕಡೆ?

ಉತ್ತರ: ಒಂದರಲ್ಲಿ ಅವರ ಕಡೆ, ಒಂದರಲ್ಲಿ ನಿಮ್ಮ ಕಡೆ. 1971ರ 'ವಿಲ್ಲಿ ವೊಂಕಾ' ಡಾಲ್‌ಗೆ ಹಿಡಿಸಲೇ ಇಲ್ಲ. ಚಿತ್ರಕಥೆಗೆ ಅವರ ಹೆಸರೇ ಇದೆ, ಆದ್ರೆ ಬೇರೆಯವರು ಕೂತು ತಿದ್ದಿದ್ರು, ಪುಸ್ತಕದ ಹೆಸರಲ್ಲಿ ಇದ್ದಿದ್ದು ಚಾರ್ಲಿ ಅನ್ನೋ ಹುಡುಗ, ಸಿನಿಮಾ ಹೆಸರಲ್ಲಿ ಚಾಕಲೇಟ್ ಫ್ಯಾಕ್ಟರಿ ಯಜಮಾನ ವೊಂಕಾ ಬಂದು ಕೂತ. ಅವರ ಸಿಟ್ಟು ಸರಿನೇ ಇರಬಹುದು, ಆದ್ರೂ ಜೀನ್ ವೈಲ್ಡರ್ ಇಲ್ಲದ ವೊಂಕಾನ ನನಗೆ ಊಹಿಸ್ಕೊಳ್ಳೋಕಾಗಲ್ಲ. ಈ ಪಾತ್ರ ಒಪ್ಕೊಳ್ಳೋಕೆ ವೈಲ್ಡರ್ ಒಂದು ಷರತ್ತು ಹಾಕಿದ್ರು: ಮೊದಲ ಸಲ ಕಾಣಿಸ್ಕೊಂಡಾಗ ಊರುಗೋಲು ಹಿಡಿದು ಕುಂಟ್ತಾ ಬರ್ತೀನಿ, ಕೋಲು ನೆಲಕ್ಕೆ ಕಚ್ಚಿಕೊಳ್ಳುತ್ತೆ, ಬಿದ್ದೇಬಿಟ್ಟ ಅನ್ನೋವಾಗ ಲಾಗ ಹಾಕಿ ಎದ್ದು ನಿಲ್ತೀನಿ. ಯಾಕೆ ಅಂದ್ರೆ, ಅಲ್ಲಿಂದ ಆಚೆ ಈ ಮನುಷ್ಯ ನಿಜ ಹೇಳ್ತಿದ್ದಾನೋ ಸುಳ್ಳೋ ಯಾರಿಗೂ ಗೊತ್ತಾಗಬಾರದು ಅಂತ. ಚಿಕ್ಕವನಿದ್ದಾಗ ನಾನು ಅದನ್ನ ಸರ್ಕಸ್ ಅಂತ ನೋಡಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ಅಪಾಯಕ್ಕೆ ಸಿಕ್ಕೋವಾಗ ವೊಂಕಾ ಆಸಕ್ತಿನೇ ಇಲ್ಲದ ಹಾಗೆ, ಬೇಡ, ನಿಲ್ಲು, ಅಂತ ಮೆಲ್ಲಗೆ ಹೇಳೋದು ಈಗ ನೋಡಿದ್ರೆ ಬೆನ್ನಲ್ಲಿ ತಣ್ಣಗಾಗುತ್ತೆ.

'ದಿ ವಿಚಸ್' ವಿಷಯ ಬೇರೆ. ಪುಸ್ತಕದಲ್ಲಿ ಮಾಟಗಾತಿಯರು ಇಲಿ ಮಾಡಿದ ಹುಡುಗ ಕೊನೇವರೆಗೂ ಇಲಿಯಾಗೇ ಉಳೀತಾನೆ. ಇಲಿಗೆ ಆಯಸ್ಸು ಕಮ್ಮಿ, ಅಜ್ಜಿಗೂ ವಯಸ್ಸಾಗಿದೆ, ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ ಹೋಗ್ತೀವಿ ಅಂತ ಅವನಿಗೆ ಸಮಾಧಾನ, ನಿನ್ನ ಬಿಟ್ಟು ಜಾಸ್ತಿ ದಿನ ಬದುಕೋದು ನನಗೂ ಬೇಡ ಅಂತಾನೆ. ಮಕ್ಕಳ ಪುಸ್ತಕದಲ್ಲಿ ಇಷ್ಟು ಧೈರ್ಯ ಎಷ್ಟು ಜನಕ್ಕಿದೆ ಹೇಳಿ. 1990ರ ಸಿನಿಮಾದಲ್ಲಿ ಆಂಜೆಲಿಕಾ ಹ್ಯೂಸ್ಟನ್ ಮುಖವಾಡ ಕಳಚೋ ಸೀನ್ ಎಲ್ಲ ಅದ್ಭುತ, ಆದ್ರೆ ಕೊನೇಲಿ ಹುಡುಗನನ್ನ ಮತ್ತೆ ಮನುಷ್ಯ ಮಾಡ್ಬಿಟ್ರು. ಡಾಲ್ ಕೆಂಡಾಮಂಡಲ ಆದ್ರು. ಕಥೆ ಬದಲಾಯಿಸಲಿ, ನನ್ನ ತಕರಾರಿಲ್ಲ, ಕುಬ್ರಿಕ್ ಏನು ಕಮ್ಮಿ ಬದಲಾಯಿಸಿದ್ರಾ, ಆದ್ರೆ ಮಕ್ಕಳು ತಡ್ಕೊಳ್ಳಲ್ಲ ಅಂತ ಹೆದರಿ ಬದಲಾಯಿಸಿದ್ದು ಹೆದರಿದ ಹಾಗೇ ಕಾಣುತ್ತೆ.

ಪ್ರಶ್ನೆ: 'ಲೇಡಿಕಿಲ್ಲರ್ಸ್' ಹಳೇದು ನೋಡಲೋ ಹೊಸದೋ?

ಉತ್ತರ: 1955ರದ್ದು ಎರಡು ಸಲ ನೋಡಿ, ಟೈಮ್ ಉಳಿದ್ರೆ ಮೂರನೇ ಸಲ.

ಪ್ರಶ್ನೆ: ಈಗಿನ ಕಂಪ್ಯೂಟರ್ ಗ್ರಾಫಿಕ್ಸ್ ನೋಡಿದ ಕಣ್ಣಿಗೆ ಹಳೇ ಮಾಯಾಜಾಲ ಎಲ್ಲ ಬೊಂಬೆಯಾಟ ಅನ್ಸಲ್ವಾ?

ಉತ್ತರ: ಅನ್ಸುತ್ತೆ, ಬೊಂಬೇನೇ ಅದು! 1933ರ 'ಕಿಂಗ್ ಕಾಂಗ್'ನ ಗೊರಿಲ್ಲಾ ಹೆಚ್ಚುಕಮ್ಮಿ ಒಂದೂವರೆ ಅಡಿ ಬೊಂಬೆ, ಒಂದೊಂದು ಫ್ರೇಮಿಗೂ ಅದನ್ನ ಒಂದು ಚೂರು ಅಲ್ಲಾಡಿಸಿ ಫೋಟೋ ತೆಗೀಬೇಕು, ಹಾಗೆ ಮುಟ್ಟಿದಾಗೆಲ್ಲ ಬೆರಳು ತಾಗಿ ಅದರ ತುಪ್ಪಳ ಚೆದುರುತ್ತೆ. ತೆರೆ ಮೇಲೆ ನೋಡಿದ್ರೆ ರೋಮ ಸುಮ್ಮಸುಮ್ಮನೆ ಅಲ್ಲಾಡ್ತಾ ಇರುತ್ತೆ, ಸಿಟ್ಟಿಗೆ ರೋಮ ನಿಗುರಿದೆ ಅಂದ್ಕೊಂಡವರೂ ಇದ್ರು. ನನಗಂತೂ ಅದು ಯಾರೋ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕೂತು ಮುಟ್ಟಿದ ಗುರುತು, ಅದನ್ನ ನೋಡೋಕೇ ಮತ್ತೆ ಹಾಕ್ತೀನಿ.

ಇನ್ನು ಕಾಕ್ತೋ 1946ರಲ್ಲಿ ತೆಗೆದ 'ಬ್ಯೂಟಿ ಅಂಡ್ ದಿ ಬೀಸ್ಟ್' ನೋಡಿ. ಯುದ್ಧ ಆಗಷ್ಟೇ ಮುಗಿದ ಫ್ರಾನ್ಸು, ಫಿಲಂ ಸಿಗಲ್ಲ, ಕರೆಂಟ್ ಇರಲ್ಲ, ನಿರ್ದೇಶಕನಿಗೆ ಮೈತುಂಬ ಚರ್ಮದ ಕಾಯಿಲೆ. ಮೃಗದ ಅರಮನೇಲಿ ಗೋಡೆಯಿಂದ ಆಚೆ ಬಂದ ಕೈಗಳು ಮೇಣದಬತ್ತಿ ಕಂಬ ಹಿಡ್ಕೊಂಡಿವೆ, ಒಬ್ಬ ನಡೀತಾ ಬಂದ ಹಾಗೆ ಒಂದೊಂದೇ ಬತ್ತಿ ತಾನಾಗೇ ಹತ್ತಿಕೊಳ್ಳುತ್ತೆ. ಗೋಡೆ ಹಿಂದೆ ನಿಜವಾದ ಮನುಷ್ಯರು ನಿಂತು ತೂತಿನಲ್ಲಿ ಕೈ ಹಾಕಿದ್ದಾರೆ ಅಷ್ಟೇ, ನಟ ಹಿಂದಕ್ಕೆ ನಡೀತಾನೆ, ಬತ್ತಿ ಒಂದೊಂದಾಗಿ ಆರಿಸ್ತಾರೆ, ಫಿಲಂ ಉಲ್ಟಾ ಓಡಿಸ್ತಾರೆ. ಗುಟ್ಟು ಗೊತ್ತಾದ ಮೇಲೂ ನನಗೆ ಮೈ ಜುಂ ಅನ್ನೋದು ನಿಂತಿಲ್ಲ, ಯಾಕೋ ಗೊತ್ತಿಲ್ಲ, ಉಲ್ಟಾ ಓಡೋ ಬಟ್ಟೆ, ಉಲ್ಟಾ ಓಡೋ ಬೆಂಕಿ ಎರಡರಲ್ಲೂ ಏನೋ ಒಂದು ಸರಿ ಇಲ್ಲ ಅಂತ ಕಣ್ಣಿಗೆ ಮೊದಲೇ ಗೊತ್ತಾಗುತ್ತೆ, ಬುದ್ಧಿಗೆ ಆಮೇಲೆ. ಕೊನೇಲಿ ಮೃಗ ಹೋಗಿ ರಾಜಕುಮಾರ ಬಂದಾಗ ನಿಮಗೂ ಅಯ್ಯೋ ಅನ್ನಿಸ್ತಾ ಹೇಳಿ, ನನಗಂತೂ ಪ್ರತಿ ಸಲ ಅನ್ಸುತ್ತೆ, ಅಷ್ಟು ಘನವಾಗಿದ್ದ ಪ್ರಾಣಿ ಹೋಗಿ ಯಾವುದೋ ಕ್ಯಾಲೆಂಡರ್ ಮುಖ ಬಂದ ಹಾಗೆ.

ಸತ್ಯಜಿತ್ ರಾಯ್ ತಮ್ಮ ಅಜ್ಜ ಉಪೇಂದ್ರಕಿಶೋರ್ ಬರೆದ ಕಥೆಯಿಂದ ಮಾಡಿದ 'ಗೂಪಿ ಗಾಯ್ನೆ ಬಾಘಾ ಬಾಯ್ನೆ'ಯ ಭೂತಗಳ ಕುಣಿತವೂ ಇದೇ ಜಾತಿ. 1969ರ ಸಿನಿಮಾ, ಪೂರ್ತಿ ಬಣ್ಣದಲ್ಲಿ ತೆಗೆಯೋ ಆಸೆ, ದುಡ್ಡು ಸಾಲದೆ ಕೊನೇ ತುಣುಕಿಗೆ ಮಾತ್ರ ಬಣ್ಣ. ಕಪ್ಪು ಬಿಳುಪಲ್ಲಿ ನೆಗೆಟಿವ್ ಪಾಸಿಟಿವ್ ಆಟ ಆಡಿ ಭೂತ ಕುಣಿಸಿದ್ದಾರೆ, ಬಣ್ಣ ಇದ್ದಿದ್ರೆ ಅಷ್ಟು ಚೆನ್ನಾಗಿ ಬರ್ತಿತ್ತಾ ಅಂತ ನನಗೆ ಡೌಟು.

ಪ್ರಶ್ನೆ: ಮನೆಮಂದಿ ಎಲ್ಲ ಕೂತು ನೋಡೋ ಒಂದು ಕೊಲೆ ಕಾಮಿಡಿ ಹೇಳಿ. ರಕ್ತ ಬೇಡ.

ಉತ್ತರ: 'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್'. ಇಬ್ಬರು ಮುದ್ದಾದ ವಯಸ್ಸಾದ ಅಕ್ಕತಂಗಿ, ಒಂಟಿ ಮುದುಕರಿಗೆ ಪಾಪ ಅಂತ ಕರುಣೆಯಿಂದ ವಿಷ ಹಾಕಿದ ವೈನ್ ಕೊಟ್ಟು ನೆಲಮಾಳಿಗೇಲಿ ಹೂಳ್ತಾರೆ, ಒಂದು ತೊಟ್ಟು ರಕ್ತ ಇಲ್ಲ. ನಾಟಕದಿಂದ ಬಂದ ಸಿನಿಮಾ, ನಾಟಕ ಓಡ್ತಾ ಇರೋವರೆಗೂ ಬಿಡುಗಡೆ ಮಾಡಬಾರದು ಅಂತ ಕರಾರು, ನಾಟಕ ನಿಲ್ಲಲೇ ಇಲ್ಲ, 1941ರಲ್ಲಿ ತೆಗೆದಿದ್ದು ಜನ ನೋಡಿದ್ದು 1944ರಲ್ಲಿ. ಅದರಲ್ಲೊಬ್ಬ ಕೊಲೆಗಾರನಿಗೆ ನೀನು ನೋಡೋಕೆ ಬೋರಿಸ್ ಕಾರ್ಲಾಫ್ ಥರ ಇದ್ದೀಯ ಅಂದ್ರೆ ಪಿತ್ತ ನೆತ್ತಿಗೇರುತ್ತೆ. ರಂಗದ ಮೇಲೆ ಆ ಪಾತ್ರ ಮಾಡ್ತಿದ್ದಿದ್ದು ಸ್ವತಃ ಕಾರ್ಲಾಫ್! ಸಿನಿಮಾಗೆ ಅವರನ್ನ ನಾಟಕದವರು ಬಿಡಲಿಲ್ಲ, ರೇಮಂಡ್ ಮ್ಯಾಸಿಗೆ ಮೇಕಪ್ ಹಾಕಿ ಅವರ ಥರ ಮಾಡಿದ್ರು, ಜೋಕು ಅರ್ಧ ಉಳೀತು. ಹೀರೋ ಕ್ಯಾರಿ ಗ್ರಾಂಟ್ ಮಾತ್ರ ಇದರಲ್ಲಿ ಅತಿ ಮಾಡ್ತಾರೆ, ತಮಗೇ ಇಷ್ಟ ಆಗಿರಲಿಲ್ಲ. ಆ ಅಕ್ಕತಂಗಿ ಮಾತ್ರ ಒಂದು ಸಲವೂ ಕಣ್ಣು ಮಿಟುಕಿಸಲ್ಲ, ಅವರ ಪ್ರಕಾರ ಅವರು ಮಾಡ್ತಿರೋದು ಸಮಾಜಸೇವೆ.

ಪ್ರಶ್ನೆ: ನಾಜಿಗಳು, ಯುದ್ಧ, ಕ್ಯಾಂಪುಗಳು... ಇವುಗಳ ಬಗ್ಗೆ ಕಾಮಿಡಿ ಮಾಡೋದು ತಪ್ಪಲ್ವಾ? 'ದಿ ಗ್ರೇಟ್ ಡಿಕ್ಟೇಟರ್' ಈಗ ನೋಡಿದ್ರೆ ಮುಜುಗರ ಆಗುತ್ತೆ.

ಉತ್ತರ: ಆ ಮುಜುಗರ ಚಾಪ್ಲಿನ್‌ಗೂ ಆಗಿತ್ತು. ಸಿನಿಮಾ 1940ರದ್ದು. 1964ರಲ್ಲಿ ಬಂದ ಆತ್ಮಕಥೇಲಿ ಅವರೇ ಬರೀತಾರೆ, ಕ್ಯಾಂಪುಗಳಲ್ಲಿ ನಿಜವಾಗಿ ನಡೀತಿದ್ದ ಭಯಾನಕ ಗೊತ್ತಿದ್ದಿದ್ರೆ ಆ ಸಿನಿಮಾ ಮಾಡೋಕೇ ಆಗ್ತಿರಲಿಲ್ಲ ಅಂತ. ಇದನ್ನ ಓದಿದ ಮೇಲೆ ನಾನು ಸಿನಿಮಾ ಮತ್ತೆ ನೋಡಿದೆ. ಸರ್ವಾಧಿಕಾರಿ ಗ್ಲೋಬು ಬಲೂನಿನ ಥರ ಎತ್ತಿ ಎತ್ತಿ ಆಡೋ ಸೀನ್ ಈಗಲೂ ನಗಿಸುತ್ತೆ, ಬಲೂನ್ ಒಡೆದಾಗ ಅವನ ಅಳು ಮುಖವೂ ನಗಿಸುತ್ತೆ. ಕ್ಯಾಂಪಿನ ಸೀನ್‌ಗಳಲ್ಲಿ ಮಾತ್ರ ನಗು ಗಂಟಲಲ್ಲೇ ನಿಲ್ಲುತ್ತೆ. ಒಂದೇ ಸಿನಿಮಾ, ಒಂದು ಕಡೆ ಗುರಿ ಅಧಿಕಾರದವನು, ಇನ್ನೊಂದು ಕಡೆ ಗೊತ್ತಿಲ್ಲದೆ ಬೇರೆ ಕಡೆ ತಿರುಗಿಬಿಟ್ಟಿದೆ.

ಲುಬಿಚ್ ನಿರ್ದೇಶನದ 'ಟು ಬಿ ಆರ್ ನಾಟ್ ಟು ಬಿ' 1942ರದ್ದು, ಅದಕ್ಕಿಂತ ಗಟ್ಟಿ ಅಂತ ನನ್ನ ಅಭಿಪ್ರಾಯ. ವಾರ್ಸಾದ ಒಂದು ನಾಟಕ ಕಂಪನಿ, ಸಾಧಾರಣ ನಟರು, ಜಂಬ ಮಾತ್ರ ಜಾಸ್ತಿ, ಜೀವ ಉಳಿಸ್ಕೊಳ್ಳೋಕೆ ನಾಜಿಗಳ ವೇಷ ಹಾಕಬೇಕಾಗುತ್ತೆ. ಅದರಲ್ಲೊಬ್ಬ ನಾಜಿ ಅಧಿಕಾರಿ ಆ ಕಂಪನಿಯ ಮುಖ್ಯ ನಟನ ಬಗ್ಗೆ ಹೇಳ್ತಾನೆ, ಅವನು ಶೇಕ್ಸ್‌ಪಿಯರ್‌ಗೆ ಏನು ಮಾಡಿದ್ನೋ ನಾವೀಗ ಪೋಲೆಂಡಿಗೆ ಅದನ್ನೇ ಮಾಡ್ತಿದ್ದೀವಿ ಅಂತ. ಈ ಸಾಲಿಗೆ ಆಗ ಬೈಗುಳವೋ ಬೈಗುಳ, ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ ಲುಬಿಚ್ ಮಾತ್ರ ತೆಗೆಯಲ್ಲ ಅಂದ್ರು. ಹೀರೋ ಜ್ಯಾಕ್ ಬೆನ್ನಿ ಅವರ ಅಪ್ಪ ಥಿಯೇಟರಿಗೆ ಹೋಗಿ, ಮಗ ನಾಜಿ ಡ್ರೆಸ್ಸಲ್ಲಿ ಕಾಣಿಸಿದ ತಕ್ಷಣ ಎದ್ದು ಆಚೆ ಹೋಗ್ಬಿಟ್ರಂತೆ, ಆಮೇಲೆ ಮಗ ಕಥೆ ಬಿಡಿಸಿ ಹೇಳಿ ಮತ್ತೆ ಕಳಿಸಿದ ಮೇಲೆ ಎಷ್ಟೋ ಸಲ ನೋಡಿದ್ರಂತೆ. ನಾಯಕಿ ಕ್ಯಾರೊಲ್ ಲೊಂಬಾರ್ಡ್ ಬಿಡುಗಡೆಗೆ ಮುಂಚೆ ವಿಮಾನ ಅಪಘಾತದಲ್ಲಿ ಹೋದ್ರು. ಸಿನಿಮಾದಲ್ಲಿ ಅವರಿಗೆ, ವಿಮಾನದಲ್ಲಿ ಏನಾಗುತ್ತೆ ಮಹಾ ಅನ್ನೋ ಅರ್ಥದ ಒಂದು ಮಾತಿತ್ತು, ಅದನ್ನ ತೆಗೆದ್ರು. ಅದನ್ನ ತೆಗೆದಿದ್ದು ಸರಿ, ಪೋಲೆಂಡಿನ ಸಾಲನ್ನ ಉಳಿಸಿದ್ದೂ ಸರಿ. ತಪ್ಪೋ ಸರಿಯೋ ಅಂತ ಕೇಳಿದ್ರಿ, ಇಷ್ಟು ಸಲ ನೋಡಿದ ಮೇಲೂ ಒಂದೊಂದು ಸೀನಿಗೆ ಒಂದೊಂದು ತೀರ್ಪು ಕೊಡ್ತೀನಿ.

ಪ್ರಶ್ನೆ: 'ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್' ಕೊನೇಲಿ ಕೊಲೆಗಾರ ಸಿಕ್ಕಿಬಿದ್ನಾ ಇಲ್ವಾ? ನಾನೂ ನಮ್ಮ ಮನೆಯವರೂ ಬೇರೆ ಬೇರೆ ನೆನಪಿಟ್ಕೊಂಡಿದ್ದೀವಿ, ಮೂರು ದಿನದಿಂದ ಮಾತಿಲ್ಲ.

ಉತ್ತರ: ಇಬ್ಬರೂ ಸರಿ ಇರಬಹುದು, ಮಾತಾಡಿ. 1949ರ ಈ ಬ್ರಿಟಿಷ್ ಸಿನಿಮಾದಲ್ಲಿ ಡ್ಯೂಕ್ ಪಟ್ಟಕ್ಕೆ ಅಡ್ಡ ನಿಂತ ಸಂಬಂಧಿಕರನ್ನ ಒಬ್ಬ ಬೆಣ್ಣೇಲಿ ಕೂದಲು ತೆಗೆದ ಹಾಗೆ ಒಬ್ಬೊಬ್ಬರನ್ನೇ ತೆಗೀತಾ ಹೋಗ್ತಾನೆ, ಆ ಮನೆತನದ ಎಂಟೂ ಜನ ಒಬ್ಬರೇ, ಆಲೆಕ್ ಗಿನ್ನಿಸ್, ಅದರಲ್ಲೊಬ್ಬಳು ಹೆಂಗಸು ಬೇರೆ. ಇವನು ಅಷ್ಟನ್ನೂ ಜೈಲಲ್ಲಿ ಕೂತು ಸೊಗಸಾಗಿ ಬರೆದಿಟ್ಟಿದ್ದಾನೆ, ಅಷ್ಟರಲ್ಲಿ ಬಿಡುಗಡೆ ಆಗುತ್ತೆ. ಜೈಲ್ ಬಾಗಿಲಿಂದ ಆಚೆ ಬಂದ್ರೆ ಇಬ್ಬರು ಹೆಂಗಸರು ಎರಡು ಗಾಡೀಲಿ ಕಾಯ್ತಿದ್ದಾರೆ, ಯಾರ ಜೊತೆ ಹೋಗೋದು ಅಂತ ಯೋಚಿಸ್ತಿರೋವಾಗ ಪತ್ರಿಕೆಯವನೊಬ್ಬ ಬಂದು, ನಿಮ್ಮ ನೆನಪುಗಳನ್ನ ಪ್ರಕಟಿಸೋ ಹಕ್ಕು ನಮಗೆ ಕೊಡಿ ಅಂತಾನೆ. ಆಗ ಇವನಿಗೆ ನೆನಪಾಗುತ್ತೆ. ಬ್ರಿಟನ್ ಪ್ರಿಂಟಲ್ಲಿ ಆ ಕಾಗದದ ಕಟ್ಟು ಸೆಲ್ಲಿನ ಮೇಜಿನ ಮೇಲೆ ಸುಮ್ಮನೆ ಬಿದ್ದಿರೋದು ತೋರಿಸಿ ಮುಗಿಸ್ತಾರೆ. ಅಮೆರಿಕದಲ್ಲಿ, ಕೊಲೆ ಮಾಡಿದವನು ತಪ್ಪಿಸ್ಕೊಂಡ ಹಾಗೆ ಇರಬಾರದು ಅಂತ, ಅದು ಅಧಿಕಾರಿಗಳ ಕೈ ಸೇರೋ ಒಂದು ಹತ್ತು ಸೆಕೆಂಡ್ ಸೇರಿಸಿದ್ರು. ನಿಮ್ಮಿಬ್ಬರಲ್ಲಿ ಸಿಕ್ಕಿಬಿದ್ದ ಅನ್ನೋರು ಯಾರು ಅಂತ ಬರೆದಿಲ್ಲ, ಅವರ ಹತ್ರ ಇರೋದು ಅಮೆರಿಕದ ಪ್ರಿಂಟು. ಇನ್ನೊಬ್ಬರು ಮೇಜಿನ ಹತ್ರಾನೇ ನಿಂತಿರಿ, ಆ ಕಟ್ಟು ಇನ್ನೂ ಅಲ್ಲೇ ಇದೆ.